ನನ್ನ ಮನೆಯಲ್ಲೇ ಬಾಗಿಲ ಮರೆಯಲ್ಲಿ ಕೂತು ಉಣ್ಣುತ್ತೇನೆ

ಮೇಡಂ, ನನಗೆ 64 ವರ್ಷ. ಬೂದಿಕೋಟೆಯಲ್ಲಿ ಒಬ್ಬಳೇ ಇದ್ದೇನೆ. ನಮ್ಮ ಯಜಮಾನರು ತೀರಿಕೊಂಡು ಒಂದೂವರೆ ವರ್ಷವಾಯಿತು. ಆವತ್ತು ನಾನು ಮುಳಬಾಗಿಲಿಗೆ ತಂಗಿ ಮನೆಗೆ ಹೋಗಿದ್ದೆ. ಬೆಳಗಿನ ಜಾವ ಬಚ್ಚಲಲ್ಲಿ ಬಿದ್ದವರನ್ನು ಯಾರೂ ನೋಡಿಲ್ಲ. ಹೊತ್ತೇರಿದ ಮೇಲೆ ಪಕ್ಕದ ಮನೆಯವರು ಬಂದು ಕೂಗಿದಾಗಲೇ ಗೊತ್ತಾಗಿದ್ದು.

ಒಬ್ಬನೇ ಮಗ. ಬೆಂಗಳೂರಿನಲ್ಲಿ ಕಂಪನಿ ಕೆಲಸ. ಹದಿನೈದು ದಿನಕ್ಕೊಂದು ಭಾನುವಾರ ಬಂಗಾರಪೇಟೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸಿನಲ್ಲಿ ಮನೆಗೆ ಬರುತ್ತಾನೆ. ತಂದೆ ಹೋದ ಮೇಲೆ ಒಂದೊಂದಾಗಿ ಸಾಮಾನು ತಂದು ಹಾಕಿದ. ಹೊಸ ಟಿ.ವಿ., ಫ್ರಿಜ್ಜು, ವಾಷಿಂಗ್ ಮೆಷಿನ್, ಹೇಳಿದ ಹಾಡು ಹಾಕುವ ಸ್ಪೀಕರು. ಗೀಸರಿಗೂ ಫೋನಿನಿಂದಲೇ ಆನ್ ಆಗುವ ಸ್ವಿಚ್ಚು. ಹಾಲ್‌ನಲ್ಲಿ ಕ್ಯಾಮೆರಾ. ಎಲ್ಲಕ್ಕೂ ಇಂಟರ್‌ನೆಟ್.

ಹೋದ ಏಪ್ರಿಲ್‌ನಲ್ಲಿ ಸೆಕೆ ತಡೆಯಲಾರದೆ ಸೆರಗು ಸಡಿಲ ಮಾಡಿಕೊಂಡು ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿದ್ದೆ. ಕ್ಯಾಮೆರಾದಿಂದ ಮಗನ ದನಿ ಬಂತು: “ಅಮ್ಮಾ, ಮಾತ್ರೆ ತಗೊಂಡ್ಯಾ?” ಎದೆ ಧಸಕ್ಕೆಂದಿತು. ಅವನು ಒಳ್ಳೆಯದಕ್ಕೇ ಕೇಳಿದ್ದು. ಆದರೂ ಅವತ್ತಿನಿಂದ ಹಾಲ್‌ನಲ್ಲಿ ಮಲಗುವುದು ಬಿಟ್ಟೆ. ಊಟಕ್ಕೂ ಅಡುಗೆಮನೆ ಬಾಗಿಲ ಹಿಂದೆ ಮಣೆ ಹಾಕಿಕೊಂಡು ಕೂರುತ್ತೇನೆ. ಅಲ್ಲಿಗೆ ಕ್ಯಾಮೆರಾ ಕಾಣಲ್ಲ. ಒಂದು ರಾತ್ರಿ ಅದಕ್ಕೆ ಟವೆಲ್ ಹೊದಿಸಿದ್ದೆ. ಬೆಳಗ್ಗೆ ಆರಕ್ಕೆಲ್ಲ ಮಗ ಕಾರು ಬಾಡಿಗೆ ಮಾಡಿಕೊಂಡು ಹೆದರಿ ಓಡಿಬಂದ.

ಪಕ್ಕದ ಮನೆಯವರು, “ಇದರಲ್ಲೆಲ್ಲ ಕಳ್ಳರು ನೋಡ್ತಾರಂತೆ, ಬ್ಯಾಂಕ್ ದುಡ್ಡೂ ಹೋಗುತ್ತಂತೆ” ಅನ್ನುತ್ತಾರೆ. ನಾನು ಯಂತ್ರ ಕಂಡು ಹೆದರುವವಳಲ್ಲ. ತೋಟದ ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ ಅಂತ ಯಜಮಾನರಿಗೆ ಹೇಳಿದ್ದೇ ನಾನು. ನಮ್ಮೂರ ‘ನಮ್ಮ ಧ್ವನಿ’ ರೇಡಿಯೋದಲ್ಲಿ ಸಂಘದ ಹೆಂಗಸರ ಜೊತೆ ಮಾತಾಡಿದ್ದೇನೆ. ಈಗ ಮಾತ್ರ ಯಾಕೋ ಹೀಗೆ. ತೆಗೆಸು ಅಂದರೆ ಮಗನ ಮನಸ್ಸು ನೋಯುತ್ತೆ. ಇಟ್ಟುಕೊಂಡರೆ ಈ ಮನೆ ನನ್ನದಲ್ಲ ಅನ್ನಿಸುತ್ತೆ. ಮಗ ಇಷ್ಟು ಮಾಡಿದರೂ ಗೊಣಗುವ ತಾಯಿ ನಾನಾ? ಏನು ಮಾಡಲಿ?

ಹೆಸರು ಬೇಡ, ಬೂದಿಕೋಟೆ

ಆತ್ಮೀಯರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎರಡು ಸಲವೂ ನಾನು ನಿಂತದ್ದು ಅದೇ ಮಣೆಯ ಹತ್ತಿರ. ಇಷ್ಟು ವರ್ಷ ಬಾಳ್ವೆ ಮಾಡಿದ ಮನೆಯಲ್ಲಿ ಮುದ್ದೆ ಮುರಿಯುವುದಕ್ಕೆ ಮರೆ ಹುಡುಕಬೇಕಾಗಿ ಬಂದರೆ ಯಾರಿಗಾದರೂ ಸಂಕಟವಾಗುತ್ತದೆ. ನಿಮಗೂ ಆಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಮಗನನ್ನು ಪ್ರೀತಿಸುತ್ತಲೇ ಅವನು ತಂದಿಟ್ಟ ವಸ್ತುವಿನಿಂದ ನಿಮಗೆ ಮುಜುಗರವಾಗಬಹುದು. ಈ ಎರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವು. ಒಂದಿದೆ ಎಂದು ಇನ್ನೊಂದು ಸುಳ್ಳಾಗುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಗೊಣಗುವ ತಾಯಿಯಲ್ಲ. ಗೊಣಗುವವರು ಎದುರಿಗೇ ಗೊಣಗುತ್ತಾರೆ. ನೀವು ಮಗನಿಗೆ ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡು ಮಣೆಯನ್ನು ಬಾಗಿಲ ಹಿಂದಕ್ಕೆ ಎಳೆದುಕೊಂಡಿದ್ದೀರಿ. ಇಷ್ಟು ತಿಂಗಳು ಆ ಭಾರ ಹೊತ್ತದ್ದು ನೀವೊಬ್ಬರೇ. ಇನ್ನು ಅದನ್ನು ಇಬ್ಬರೂ ಹಂಚಿಕೊಳ್ಳಿ.

ಹೊಸತಕ್ಕೆ ಹೆದರುವ ಸೀಮೆಯೂ ನಿಮ್ಮದಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಹಾಯ್ದು ಬಂದು ತಲುಪಿದ್ದು ನಿಮ್ಮ ಪಕ್ಕದ ಕೆ.ಜಿ.ಎಫ್. ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅದೇ ಗಣಿಯ ಕಾರ್ಮಿಕರು 1930ರಲ್ಲಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಮುಖ್ಯ ಕಾರಣ, ಎಲ್ಲರ ಬೆರಳಚ್ಚು ತೆಗೆದು ನೋಂದಾಯಿಸುವ ಹೊಸ ನಿಯಮ. ನೆಲದಾಳಕ್ಕೆ ಇಳಿದು ಬಂಡೆ ಸಿಡಿಸುತ್ತಿದ್ದ ಜನ ಅವರು. ಯಂತ್ರ, ಕತ್ತಲೆ, ಸಿಡಿಮದ್ದು ಯಾವುದಕ್ಕೂ ಅಂಜಿದವರಲ್ಲ. ತಮ್ಮನ್ನು ಕಳ್ಳರ ಹಾಗೆ ಕಂಡು ಗುರುತು ಹಿಡಿದಿಡುವುದು ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ಯಂತ್ರದ ಭಯ ಬೇರೆ, ಕಾವಲಿನ ಸಂಕಟ ಬೇರೆ. ನಿಮಗಿರುವುದು ಎರಡನೆಯದು.

ಈ ಸಂಕಟಕ್ಕೆ ಕಾನೂನಿನ ಆಸರೆಯೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ತಮ್ಮ ಇಳಿವಯಸ್ಸಿನಲ್ಲಿ. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮಗನ ಮೇಲೆ ಕಾನೂನಿಗೆ ಹೋಗಿ ಎಂದು ನಾನು ಇದನ್ನು ಹೇಳುತ್ತಿಲ್ಲ. ಹಾಲ್‌ನಲ್ಲಿ ನೆಮ್ಮದಿಯಾಗಿ ಅಡ್ಡಾಗಬೇಕು ಎಂಬ ನಿಮ್ಮ ಆಸೆ ಚಿಕ್ಕದಲ್ಲ, ದೇಶದ ಅತಿ ದೊಡ್ಡ ನ್ಯಾಯಾಲಯವೇ ಅದಕ್ಕೆ ಹೆಸರು ಕೊಟ್ಟಿದೆ ಎಂದು ನಿಮಗೆ ಗೊತ್ತಿರಲಿ, ಅಷ್ಟೆ.

ಈಗ ಮಗನ ಕಡೆಗೆ ಸ್ವಲ್ಪ ಹೊತ್ತು ತಿರುಗೋಣ.

ಟವೆಲ್ ಹೊದಿಸಿದ ರಾತ್ರಿಯ ಬೆಳಗ್ಗೆ ಅವನು ಹೇಗೆ ಬಂದ ಎಂದು ನೀವೇ ಬರೆದಿದ್ದೀರಿ. ಫೋನಿನಲ್ಲಿ ಏನೂ ಕಾಣದ ಆ ಕಪ್ಪು ಚೌಕದಲ್ಲಿ ಅವನಿಗೆ ಕಂಡಿದ್ದು ಅಪ್ಪ ಬಿದ್ದಿದ್ದ ಬಚ್ಚಲು ಇರಬೇಕು. ಅವತ್ತು ಯಾರೂ ನೋಡಲಿಲ್ಲವಲ್ಲ ಎಂಬ ಮುಳ್ಳು ಇನ್ನೂ ಅವನೊಳಗೆ ಚುಚ್ಚುತ್ತಿದೆ. ಸಾಮಾನು ತರುವುದರಲ್ಲಿ ಅವನು ಆ ಮುಳ್ಳನ್ನು ಮರೆಯಲು ನೋಡಿದ್ದಾನೆ. ಗಂಡುಮಕ್ಕಳಿಗೆ ಅಳುವುದನ್ನು ನಾವು ಕಲಿಸಿಲ್ಲ. ಸ್ವಿಚ್ಚು ಹಾಕಿಸುವುದು, ತಂತಿ ಎಳೆಸುವುದು ಅವರಿಗೆ ಗೊತ್ತು. ನಿಮ್ಮ ಹಾಲ್‌ನ ಕ್ಯಾಮೆರಾದಲ್ಲಿ ಅವನ ದುಃಖವೂ ಇದೆ. ಅದನ್ನು ಕಿತ್ತು ಎಸೆದರೆ ಅವನಿಗೆ ತನ್ನನ್ನೇ ತಳ್ಳಿದ ಹಾಗಾಗಬಹುದು ಎಂಬ ನಿಮ್ಮ ಅಂಜಿಕೆ ಸರಿಯಾಗಿಯೇ ಇದೆ.

ಆದರೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಾಳಜಿಯಿಂದ ಬಂದದ್ದೆಲ್ಲ ಸರಿ ಎಂದಾಗುವುದಿಲ್ಲ. ನಿಮ್ಮ ಒಪ್ಪಿಗೆ ಕೇಳದೆ, ಯಾವಾಗ ನೋಡುತ್ತಿದ್ದೇನೆ ಎಂದು ತಿಳಿಸದೆ ಮನೆಯೊಳಗೆ ನೋಡುವ ಅಧಿಕಾರ ಮಗನಿಗೂ ಇಲ್ಲ. ಇದನ್ನು ಅವನಿಗೆ ಪ್ರೀತಿಯಿಂದ ಹೇಳಬಹುದು. ಹೇಳಲೇಬೇಕು.

“ಈಗ ಮಾತ್ರ ಯಾಕೋ ಹೀಗೆ” ಎಂದು ಕೇಳಿದ್ದೀರಿ. ಇದರ ಉತ್ತರ ನಿಮ್ಮ ಕಾಗದದಲ್ಲೇ ಇದೆ.

‘ನಮ್ಮ ಧ್ವನಿ’ಯ ದಿನಗಳನ್ನು ನೆನೆಸಿಕೊಳ್ಳಿ. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳೂ ಯುನೆಸ್ಕೋ ಕೂಡ ಕೈಜೋಡಿಸಿ ಬೂದಿಕೋಟೆಯಲ್ಲಿ ಸಮುದಾಯದ ದನಿಗೊಂದು ಕೇಂದ್ರ ಕಟ್ಟಿದವು. ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಹಳ್ಳಿಯ ಜನರಿಗೆ ಪರವಾನಗಿ ಸಿಗುತ್ತಿರಲಿಲ್ಲ. ಹಾಗಾಗಿ ಟಿ.ವಿ. ಕೇಬಲ್ಲಿನಲ್ಲೇ ದನಿಯನ್ನು ಮನೆಮನೆಗೆ ಹರಿಸಿದರು. ಸ್ವಸಹಾಯ ಸಂಘದ ಹೆಂಗಸರು ಮೈಕಿನ ಮುಂದೆ ಕೂತು ಮಾತಾಡಿದರು. ಅದೂ ಮನೆಯೊಳಕ್ಕೆ ಬಂದ ಒಂದು ತಂತಿ. ಆದರೆ ನಿಮಗೆ ಅಲ್ಲಿ ಮುಜುಗರವಾಗಲಿಲ್ಲ. ಏಕೆಂದರೆ ಏನು ಮಾತಾಡಬೇಕು, ಯಾವಾಗ ಮಾತಾಡಬೇಕು ಎಂಬುದು ನಿಮ್ಮ ಕೈಯಲ್ಲಿತ್ತು. ರೆಕಾರ್ಡ್ ಆಗುತ್ತಿದೆ ಎಂದು ನಿಮಗೆ ಗೊತ್ತಿತ್ತು. ಮಾತು ಮುಗಿದ ಮೇಲೆ ಎದ್ದು ಮನೆಗೆ ಬಂದರೆ ಆ ಮೈಕು ನಿಮ್ಮ ಬೆನ್ನ ಹಿಂದೆ ಬರುತ್ತಿರಲಿಲ್ಲ.

ಮೊಬೈಲ್ ಸ್ಟಾರ್ಟರೂ ಹಾಗೆಯೇ. ಆಳದ ಬೋರ್‌ವೆಲ್ ನಂಬಿ ಬೆಳೆ ತೆಗೆಯುವ ಕೋಲಾರದ ಸೀಮೆಯಲ್ಲಿ ಅದು ಎಷ್ಟು ಮನೆಗೆ ನಿದ್ದೆ ಕೊಟ್ಟಿದೆ ಎಂದು ನಿಮಗೆ ಹೇಳಬೇಕಿಲ್ಲ. ಅಪರಾತ್ರಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದರೆ ಬ್ಯಾಟರಿ ಹಿಡಿದು, ಹಾವು ಹುಳುವಿಗೆ ಅಂಜುತ್ತಾ ಬದುವಿನ ಮೇಲೆ ನಡೆಯುವ ಗೋಳು ತಪ್ಪಿತು. ಫೋನು ನಿಮ್ಮವರ ಕೈಯಲ್ಲಿತ್ತು. ಆಜ್ಞೆ ಹೊರಟದ್ದು ನಿಮ್ಮ ಮನೆಯಿಂದ, ಕೇಳಿದ್ದು ಮೋಟರು.

ಹಾಲ್‌ನ ಕ್ಯಾಮೆರಾದಲ್ಲಿ ಇದು ತಿರುಗುಮುರುಗಾಗಿದೆ. ಫೋನು ಬೆಂಗಳೂರಿನಲ್ಲಿದೆ, ನೋಡಿಸಿಕೊಳ್ಳುವವರು ನೀವು.

ಹಾಗಾಗಿ ಮನೆಯ ಯಂತ್ರಗಳಿಗೆ ಇಂಟರ್‌ನೆಟ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆ ಯಂತ್ರದ ಜೊತೆ ಬದುಕುವವರ ಕೈಯಲ್ಲೇ ಅದರ ಕೀಲಿ ಇರಬೇಕು. ಬೇಕೆಂದಾಗ ಸೇರಿಸಲು, ಸಾಕೆನಿಸಿದಾಗ ತಪ್ಪಿಸಲು ಅವರಿಗೆ ಆಗಬೇಕು. ಅದು ಆಗದಿದ್ದರೆ ಎಷ್ಟೇ ಬೆಲೆಯ ವಸ್ತುವಾದರೂ ಅದು ಮನೆಯೊಳಗಿನ ಪರರ ವಸ್ತುವೇ.

ಇನ್ನು ಪಕ್ಕದ ಮನೆಯವರ ಮಾತು. ಅದರಲ್ಲಿ ನಿಜವೂ ಇದೆ, ಉತ್ಪ್ರೇಕ್ಷೆಯೂ ಇದೆ. ಬ್ಯಾಂಕಿನ ಹಣ ಹೋಗುವುದು ಹೆಚ್ಚಾಗಿ ಒ.ಟಿ.ಪಿ. ಕೇಳುವ ಕರೆಗಳಿಂದ, ಗೊತ್ತಿಲ್ಲದ ಲಿಂಕ್ ಒತ್ತುವುದರಿಂದ. ಫ್ರಿಜ್ಜಿಗೆ ಇಂಟರ್‌ನೆಟ್ ಇದೆ ಎಂದ ಮಾತ್ರಕ್ಕೆ ನಿಮ್ಮ ಪಾಸ್‌ಬುಕ್ ಖಾಲಿಯಾಗುವುದಿಲ್ಲ. ಆದರೆ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡ ಕ್ಯಾಮೆರಾಗಳಿಗೆ ಹೊರಗಿನವರು ನುಗ್ಗಿದ್ದು ನಿಜ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರದ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನು ಹಾಗೆಯೇ ವಶಮಾಡಿಕೊಂಡಿತು. ಆ ಯಂತ್ರಗಳನ್ನೇ ಸೈನ್ಯವಾಗಿಸಿ ಹೂಡಿದ ದಾಳಿಗೆ ಅಕ್ಟೋಬರ್‌ನ ಒಂದು ದಿನ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳೇ ನಿಂತುಹೋದವು. ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದು, ಬೀಗ ಕೊಂಡಾಗ ಎಲ್ಲರಿಗೂ ಒಂದೇ ಕೀಲಿಕೈ ಕೊಟ್ಟಂತೆ. ಬ್ರಿಟನ್ 2024ರ ಏಪ್ರಿಲ್‌ನಿಂದ ಅಂಥ ಸಲೀಸಾಗಿ ಊಹಿಸಬಲ್ಲ ಪಾಸ್‌ವರ್ಡ್ ಇಟ್ಟು ವಸ್ತು ಮಾರುವುದನ್ನೇ ಕಾನೂನಿನಿಂದ ನಿಷೇಧಿಸಿತು.

ಕಳ್ಳರಷ್ಟೇ ಅಲ್ಲ, ಕಂಪನಿಗಳೂ ನೋಡಿವೆ. ‘ವಿಜಿಯೊ’ ಎಂಬ ಟಿ.ವಿ. ಕಂಪನಿ 1.1 ಕೋಟಿ ಟಿ.ವಿ.ಗಳಲ್ಲಿ ಜನ ಏನು ನೋಡುತ್ತಾರೆಂದು ಅವರಿಗೆ ತಿಳಿಸದೆ ಮಾಹಿತಿ ಕೂಡಿಹಾಕಿದ ಆರೋಪಕ್ಕೆ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಮನೆಯ ಕ್ಯಾಮೆರಾ ಮಾರುವ ‘ರಿಂಗ್’ ಕಂಪನಿಯ ನೌಕರರು ಗ್ರಾಹಕರ ಖಾಸಗಿ ವಿಡಿಯೊ ನೋಡಲು ಸಾಧ್ಯವಾಗಿತ್ತು ಎಂಬ ಆರೋಪ ಬಂತು. 2023ರಲ್ಲಿ ಆ ಕಂಪನಿಯೂ 58 ಲಕ್ಷ ಡಾಲರ್ ಕೊಡಲು ಒಪ್ಪಿತು. ಇವನ್ನು ಹೇಳುವುದು ನಿಮ್ಮನ್ನು ಹೆದರಿಸಲಿಕ್ಕಲ್ಲ. ನಿಮ್ಮ ಹಾಲ್ ನೋಡುತ್ತಿರುವುದು ಮಗ ಒಬ್ಬನೇ ಎಂದು ಅವನು ನಂಬಿದ್ದಾನೆ. ಚಿತ್ರ ಅವನ ಫೋನಿಗೆ ಬರುವ ಮೊದಲು ಎಲ್ಲೋ ಇರುವ ಕಂಪನಿಯ ಕಂಪ್ಯೂಟರನ್ನು ಹಾದು ಬರುವುದೇ ಹೆಚ್ಚು. ಇದು ಅವನಿಗೂ ಯೋಚಿಸುವ ವಿಷಯವಾಗಲಿ.

ಈಗ ಏನು ಮಾಡಬಹುದು ಎಂದು ನೋಡೋಣ. ಒಂದೇ ದಿನ ಎಲ್ಲವನ್ನೂ ಮಾಡಬೇಕಿಲ್ಲ.

ಮೊದಲ ಕೆಲಸ ಮಾತು. ಫೋನಿನಲ್ಲಿ ಬೇಡ, ಕ್ಯಾಮೆರಾದ ಮೂಲಕವಂತೂ ಬೇಡ. ಅವನು ಬರುವ ಭಾನುವಾರ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹತ್ತಿರ ಕೂರಿಸಿಕೊಳ್ಳಿ. ದೂರಿನಿಂದ ಶುರು ಮಾಡಬೇಡಿ. ಬೇಕಿದ್ದರೆ ಹೀಗೆ ಹೇಳಿ: “ಮಗಾ, ಅಪ್ಪನ ಹಾಗೆ ನನಗೂ ಆದೀತು ಅಂತ ನಿನಗೆ ಭಯ. ನನಗೂ ಆ ಭಯ ಇದೆ. ಆದರೆ ಈ ಕ್ಯಾಮೆರಾದಿಂದ ನಿನ್ನ ದನಿ ಕೇಳಿದ ಮೇಲೆ ನಾನು ಹಾಲ್‌ನಲ್ಲಿ ಮಲಗಿಲ್ಲ. ಬಾಗಿಲ ಹಿಂದೆ ಕೂತು ಉಣ್ತೀನಿ. ನಿನ್ನ ಭಯನೂ ಹೋಗಬೇಕು, ನನ್ನ ಮನೆನೂ ನನಗೆ ಬೇಕು. ಇಬ್ಬರೂ ಸೇರಿ ದಾರಿ ನೋಡೋಣ.” ಇಷ್ಟು ಸಾಕು. ಬಾಗಿಲ ಹಿಂದಿನ ಮಣೆಯ ವಿಷಯ ಅವನಿಗೆ ಗೊತ್ತೇ ಇರಲಾರದು. ಕ್ಯಾಮೆರಾಗೆ ಅದು ಕಾಣುವುದಿಲ್ಲವಲ್ಲ.

ಅವನಿಗೆ ಇನ್ನೂ ಒಂದು ಮಾತನ್ನು ಮೆಲ್ಲಗೆ ಕೇಳಿ. ಅಪ್ಪ ಬಿದ್ದದ್ದು ಬಚ್ಚಲಲ್ಲಿ. ಹಾಲ್‌ನ ಕ್ಯಾಮೆರಾ ಅವತ್ತು ಇದ್ದಿದ್ದರೂ ಅಲ್ಲಿಗೆ ಕಣ್ಣು ಹಾಯಿಸುತ್ತಿರಲಿಲ್ಲ. ಬಚ್ಚಲಿಗೆ ಕ್ಯಾಮೆರಾ ಹಾಕುವ ಮಾತೇ ಇಲ್ಲ. ಅಂದಮೇಲೆ ನಿಮ್ಮನ್ನು ನಿಜವಾಗಿ ಕಾಯುವುದು ಯಾವುದು? ಬಚ್ಚಲಿನ ಜಾರದ ನೆಲ, ಗೋಡೆಗೊಂದು ಹಿಡಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ, ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ, ನಂಬಿಕೆಯ ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ. ಇವು ಯಾವುದಕ್ಕೂ ಇಂಟರ್‌ನೆಟ್ ಬೇಡ. ಅವನ ಕೈಯಲ್ಲೇ ಇವನ್ನು ಮಾಡಿಸಿ. ಏನಾದರೂ ಮಾಡಬೇಕೆಂಬ ಅವನ ಚಡಪಡಿಕೆಗೆ ಸರಿಯಾದ ಕೆಲಸ ಸಿಕ್ಕ ಹಾಗಾಗುತ್ತದೆ.

ಎರಡನೆಯ ಕೆಲಸ, ಒಂದು ಹಾಳೆಯಲ್ಲಿ ಮನೆಯ ಯಂತ್ರಗಳನ್ನೆಲ್ಲ ಬರೆಯಿರಿ. ಒಂದೊಂದರ ಮುಂದೆಯೂ ಮೂರು ಪ್ರಶ್ನೆ ಹಾಕಿ. ನೆಟ್ ಇಲ್ಲದೆ ಇದು ತನ್ನ ಕೆಲಸ ಮಾಡುತ್ತದಾ? ನೆಟ್ ಇದ್ದರೆ ಈ ಮನೆಯಲ್ಲಿ ಇರುವ ನನಗೆ ಏನು ಅನುಕೂಲ? ಇದು ಏನನ್ನು ನೋಡುತ್ತದೆ, ಏನನ್ನು ಕೇಳಿಸಿಕೊಳ್ಳುತ್ತದೆ?

ಫ್ರಿಜ್ಜು ತಂಪು ಮಾಡಲು, ವಾಷಿಂಗ್ ಮೆಷಿನ್ ಬಟ್ಟೆ ಒಗೆಯಲು ನೆಟ್ ಬೇಕಿಲ್ಲ. ಎರಡನ್ನೂ ವೈಫೈಯಿಂದ ಬಿಡಿಸಿಬಿಡಿ. ಗೀಸರ್ ನೀರು ಕಾದೊಡನೆ ತಾನೇ ನಿಲ್ಲುವ ವ್ಯವಸ್ಥೆ ಅದರ ಒಳಗೇ ಇರುತ್ತದೆ. ಕಾಯಿಸುವ ವಸ್ತುವನ್ನು ದೂರದಿಂದ ಯಾರೋ ಆನ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸ್ನಾನ ಮಾಡುವವರೇ ಹಾಕಿ ಆರಿಸುವ ಸಾದಾ ಸ್ವಿಚ್ಚು ಸಾಕು. ಧಾರಾವಾಹಿಯನ್ನು ಕೇಬಲ್ಲಿನಲ್ಲೋ ಡಿಶ್ಶಿನಲ್ಲೋ ನೋಡುವುದಾದರೆ ಟಿ.ವಿ.ಗೂ ನೆಟ್ ಬೇಡ. ಯೂಟ್ಯೂಬ್‌ನಲ್ಲಿ ಹರಿಕಥೆ ಕೇಳುವುದು ನಿಮಗೆ ಇಷ್ಟವಾದರೆ ಇರಲಿ, ನೀವು ಏನು ನೋಡುತ್ತೀರೆಂದು ಲೆಕ್ಕ ಇಡುವ ಆಯ್ಕೆಯನ್ನು ಮಗ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಲಿ. ಹಾಡು ಹಾಕುವ ಸ್ಪೀಕರಿಗೆ ಸಾಮಾನ್ಯವಾಗಿ ಮೈಕು ಮುಚ್ಚುವ ಒಂದು ಗುಂಡಿ ಇರುತ್ತದೆ. ಅದು ಎಲ್ಲಿದೆ, ಒತ್ತಿದರೆ ಯಾವ ಬಣ್ಣದ ದೀಪ ಹತ್ತುತ್ತದೆ ಎಂದು ಅವನಿಂದ ಕಲಿತುಕೊಳ್ಳಿ. ನೆಂಟರು ಬಂದು ಮನೆಯ ಮಾತು ಆಡುವಾಗ ನೀವೇ ಮುಚ್ಚಿಡಿ.

ತೋಟದ ಸ್ಟಾರ್ಟರ್ ಖಂಡಿತ ಇರಲಿ. ಅದರಲ್ಲೂ ಎರಡು ಎಚ್ಚರ. ಯಾವ ಯಾವ ನಂಬರಿಗೆ ಅದು ಓಗೊಡುತ್ತದೆ ಎಂದು ಒಮ್ಮೆ ನೋಡಿಸಿ. ನಿಮ್ಮ ಯಜಮಾನರ ಸಿಮ್ ಈಗ ಯಾರ ಹತ್ತಿರ ಇದೆ ಎಂಬುದೂ ತಿಳಿದಿರಲಿ. ಮೋಟರು, ವೈರು ಮುಟ್ಟಿ ರಿಪೇರಿ ಮಾಡುವ ಮುಂಚೆ ಯಾರೇ ಆಗಲಿ ಮೇನ್ ತೆಗೆಯಲೇಬೇಕು. ದೂರದಿಂದ ಯಾರೋ ಫೋನ್ ಒತ್ತಿದರೆ ಅಲ್ಲಿ ಕೈ ಇಟ್ಟವರ ಪ್ರಾಣಕ್ಕೇ ಸಂಚಕಾರ.

ಮೂರನೆಯದು ಕ್ಯಾಮೆರಾ. ಮಗನಿಗೆ ಅದನ್ನು ಪೂರ್ತಿ ಬಿಡಲು ಇನ್ನೂ ಧೈರ್ಯ ಬಾರದಿದ್ದರೆ ಹಾಲ್‌ನಿಂದ ತೆಗೆದು ತಲೆಬಾಗಿಲ ಹೊರಗೆ ಹಾಕಿಸಿ. ಅದು ನಿಮ್ಮ ಅಂಗಳವನ್ನಷ್ಟೇ ನೋಡಲಿ, ಎದುರು ಮನೆಯವರ ಕಿಟಕಿಯನ್ನಲ್ಲ. ಬೆಳಗ್ಗೆ ನೀವು ರಂಗೋಲಿ ಹಾಕಲು ಬಂದದ್ದು ಕಂಡರೆ ಅವನಿಗೆ ಸಮಾಧಾನ, ಮನೆಯೊಳಗೆ ನೀವು ನಿರಾಳ. ಕಂಪನಿಯವರು ಕೊಟ್ಟ ಪಾಸ್‌ವರ್ಡ್ ಬದಲಿಸಿ ಉದ್ದನೆಯ ಹೊಸದನ್ನು ಹಾಕಲಿ. ವೈಫೈ ರೂಟರಿನದ್ದೂ ಹಾಗೆಯೇ. ಎರಡು ಹಂತದ ಪರಿಶೀಲನೆ ಇದ್ದರೆ ಅದನ್ನೂ ಆನ್ ಮಾಡಲಿ. ಅಪ್‌ಡೇಟ್ ಬಂದಾಗ ಬಿಡದೆ ಹಾಕಲಿ. ಖಾತೆಗೆ ನಿಮ್ಮ ಫೋನ್ ನಂಬರನ್ನೇ ಕೊಟ್ಟು, ನೀವು ಮಗನನ್ನು ಸೇರಿಸಿಕೊಂಡ ಹಾಗೆ ಮಾಡಿಸಿ. ಪ್ಲಗ್ ನಿಮ್ಮ ಕೈಗೆ ಎಟುಕುವ ಕಡೆ ಇರಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕ್ಯಾಮೆರಾ ತೆಗೆದ ಜಾಗದಲ್ಲಿ ಏನಾದರೂ ಇಡಬೇಕಲ್ಲ, ಅಲ್ಲಿ ಮಾತನ್ನು ಇಡಿ. ಬೆಳಗ್ಗೆ ಕಾಫಿ ಇಳಿಸಿದ ಮೇಲೆ ನೀವು ಅವನಿಗೆ ಒಂದು ಕರೆ ಮಾಡಿ. ರಾತ್ರಿ ಅವನು ನಿಮಗೆ ಮಾಡಲಿ. ಹೊತ್ತು ಗೊತ್ತುಮಾಡಿಕೊಳ್ಳಿ. ಆ ಹೊತ್ತಿಗೆ ನಿಮ್ಮ ಕರೆ ಹೋಗದಿದ್ದರೆ ಅವನು ಒಂದು ಸಲ ಪ್ರಯತ್ನಿಸಿ, ಆಮೇಲೆ ಪಕ್ಕದ ಮನೆಯವರಿಗೆ ಫೋನ್ ಮಾಡಲಿ. ಅವರ ಹತ್ತಿರ ಬೀಗದ ಕೈ ಇದ್ದೇ ಇರುತ್ತದೆ. ಫೋನ್ ಯಾವಾಗಲೂ ಸೊಂಟದಲ್ಲೋ ಸೆರಗಿನ ಗಂಟಿನಲ್ಲೋ ಇರಲಿ, ಬಚ್ಚಲಿಗೆ ಹೋಗುವಾಗಲೂ ಬಾಗಿಲ ಹತ್ತಿರ ಇಡಿ. ಮಾತ್ರೆ ತಗೊಂಡ್ಯಾ ಎಂದು ಗೋಡೆ ಕೇಳಿದಾಗ ನಿಮಗೆ ಎದೆ ನಡುಗಿತು. ಅದೇ ಮಾತನ್ನು ಮಗ ಫೋನಿನಲ್ಲಿ ಕೇಳಿದರೆ ನಗುತ್ತಾ ಗದರಿಕೊಳ್ಳುತ್ತೀರಿ. ಫೋನ್ ಎತ್ತುವುದು ಬಿಡುವುದು ನಿಮ್ಮ ಕೈಯಲ್ಲಿರುತ್ತದೆ.

ಈ ಅಂಕಣವನ್ನು ಓದುತ್ತಿರುವ ಮಕ್ಕಳಿಗೂ ಒಂದು ಮಾತು. ದೂರದೂರಿನಲ್ಲಿ ಇರುವ ಅಪ್ಪ ಅಮ್ಮನಿಗಾಗಿ ಇಂಥ ವಸ್ತು ತರುವ ನಿಮ್ಮ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಕೊಳ್ಳುವ ಮುಂಚೆ ಅವರನ್ನು ಕೇಳಿ, ಅಷ್ಟೆ. ಬೇಡ ಎಂದರೆ ಅದು ನಿಮ್ಮನ್ನು ಬೇಡ ಎಂದ ಹಾಗಲ್ಲ. ನೆಟ್ ಹೋದಾಗ, ಕಂಪನಿ ತನ್ನ ಸೇವೆ ನಿಲ್ಲಿಸಿದಾಗ ಆ ವಸ್ತು ಏನಾಗುತ್ತದೆ ಎಂದೂ ಅಂಗಡಿಯವರನ್ನು ಕೇಳಿ. 2016ರಲ್ಲಿ ‘ರಿವಾಲ್ವ್’ ಎಂಬ ಕಂಪನಿಯ ಯಂತ್ರಗಳು ಕಂಪನಿ ಸೇವೆ ನಿಲ್ಲಿಸಿದ ದಿನವೇ ಕೊಂಡವರ ಮನೆಯಲ್ಲಿ ಕೆಲಸಕ್ಕೆ ಬಾರದಂತಾದವು. ವಯಸ್ಸಾದವರು ಒಂಟಿಯಾಗಿರುವ ಮನೆಗೆ ಕೈಯಿಂದ ಒತ್ತಿದರೂ ನಡೆಯುವ ವಸ್ತುವೇ ಮೇಲು.

ಇನ್ನು ಕೆಲವರ ಮನೆಯಲ್ಲಿ ಕತೆ ಬೇರೆ ಇರಬಹುದು. ಕ್ಯಾಮೆರಾ ಹಾಕಿದವರು ಹೆಂಡತಿ ಯಾರ ಜೊತೆ ಮಾತಾಡುತ್ತಾಳೆ, ಸೊಸೆ ಎಷ್ಟು ಹೊತ್ತಿಗೆ ಎದ್ದಳು ಎಂದು ಲೆಕ್ಕ ಹಾಕುತ್ತಿದ್ದರೆ, ಆರಿಸಿದರೆ ಬೈಯುತ್ತಿದ್ದರೆ, ಹೊಡೆಯುತ್ತಿದ್ದರೆ ಅದಕ್ಕೆ ಕಾಳಜಿ ಎಂಬ ಹೆಸರು ಬೇಡ. ಅದು ದೌರ್ಜನ್ಯ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಅಪಾಯ ಹತ್ತಿರವಿದ್ದರೆ 112. ಸಾಧ್ಯವಾದರೆ ಬೇರೆಯವರ ಫೋನಿನಿಂದ ಮಾಡಿ. ಹೊರಗಿನವರು ಯಾರೋ ಕ್ಯಾಮೆರಾದೊಳಗೆ ನುಗ್ಗಿದ್ದಾರೆ, ವಿಡಿಯೊ ಇದೆ ಎಂದು ಬೆದರಿಸುತ್ತಿದ್ದಾರೆ ಎಂದಾದರೆ ಹಣ ಕೊಡಬೇಡಿ. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆ ಪಡಬೇಕಾದವರು ನುಗ್ಗಿದವರು, ನೀವಲ್ಲ.

ಮತ್ತೆ ನಿಮ್ಮ ಹತ್ತಿರ ಬರುತ್ತೇನೆ. ನಿಮ್ಮ ಕಾಗದದಲ್ಲಿ ನೀವು ಬರೆಯದೆ ಬಿಟ್ಟದ್ದೂ ಒಂದಿದೆ. ಯಜಮಾನರು ಹೋದ ದಿನ ನಾನು ಮನೆಯಲ್ಲಿ ಇರಲಿಲ್ಲ ಎಂಬ ನೋವು ಮಗನಿಗೆ ಇರುವಂತೆ ನಿಮಗೂ ಇರಬಹುದು. ಒಂದೇ ನೋವನ್ನು ನೀವು ಬೂದಿಕೋಟೆಯಲ್ಲಿ, ಅವನು ಬೆಂಗಳೂರಿನಲ್ಲಿ ಒಬ್ಬೊಬ್ಬರೇ ನುಂಗುತ್ತಿದ್ದೀರಿ. ತಂಗಿಯ ಮನೆಗೆ ಹೋಗಿ ಬರುವುದು ತಪ್ಪಲ್ಲ. ಮಗ ಬೆಂಗಳೂರಿನಲ್ಲಿ ದುಡಿಯುವುದೂ ತಪ್ಪಲ್ಲ. ಭಾನುವಾರದ ಮಾತು ಕ್ಯಾಮೆರಾದಿಂದ ಶುರುವಾಗಿ ಅವರ ನೆನಪಿಗೆ ಹೊರಳಿದರೆ ತಡೆಯಬೇಡಿ. ಇಬ್ಬರ ಕಣ್ಣಲ್ಲೂ ನೀರು ಬಂದರೆ ಬರಲಿ.

ನಿದ್ದೆ ಸರಿಯಾಗಿ ಬಾರದಿದ್ದರೆ, ಊಟ ಸೇರದಿದ್ದರೆ, ಯಾರೋ ನೋಡುತ್ತಿದ್ದಾರೆ ಎಂಬ ಭಾವನೆ ಕ್ಯಾಮೆರಾ ತೆಗೆದ ಮೇಲೂ ಹೋಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ‘ಟೆಲಿ ಮಾನಸ್’, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರಿಗೆಂದೇ 14567 ಇದೆ. ಮಗನಿಗೂ ಟೆಲಿ ಮಾನಸ್ ನಂಬರು ಕೊಡಿ, ಅವನಿಗೂ ಬೇಕಾಗಬಹುದು. ನಿಮ್ಮ ಸಂಘದ ಹೆಂಗಸರನ್ನು ಎಷ್ಟು ದಿನದಿಂದ ನೋಡಿಲ್ಲ? ವಾರಕ್ಕೊಂದು ದಿನ ಅವರೊಡನೆ ಕೂತು ಬನ್ನಿ.

ಮೇಲೆ ಎಣಿಸಿದ ನಾಲ್ಕೂ ಭಾನುವಾರದವರೆಗೆ ಕಾಯಬೇಕಾದ ಕೆಲಸಗಳು. ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಮಗನಿಗೆ ಫೋನ್ ಮಾಡಿ, “ಮಧ್ಯಾಹ್ನ ಒಂದು ಗಂಟೆ ಹೊತ್ತು ಕ್ಯಾಮೆರಾ ಆರಿಸ್ತೀನಿ ಕಣಪ್ಪಾ, ಗಾಬರಿ ಆಗಬೇಡ, ಆಮೇಲೆ ನಾನೇ ಫೋನ್ ಮಾಡ್ತೀನಿ” ಎಂದು ಹೇಳಿ ಪ್ಲಗ್ ತೆಗೆಯಿರಿ. ಬಾಗಿಲ ಹಿಂದಿನ ಮಣೆಯನ್ನು ಎತ್ತಿ ತಂದು ಹಾಲ್‌ನಲ್ಲಿ, ನೀವು ಮೊದಲು ಕೂರುತ್ತಿದ್ದ ಜಾಗದಲ್ಲೇ ಹಾಕಿ. ತಟ್ಟೆ ಮುಂದಿಟ್ಟುಕೊಂಡು ನಿಧಾನವಾಗಿ ಊಟ ಮಾಡಿ. ಊಟ ಮುಗಿದ ಮೇಲೆ ಮರೆಯದೆ ಅವನಿಗೆ ಫೋನ್ ಮಾಡಿ, ಏನು ಸಾರು ಎಂದು ಹೇಳಿ.

ನಿಮಗೂ ನಿಮ್ಮ ಮಗನಿಗೂ ಒಳ್ಳೆಯದಾಗಲಿ.